ಬಾಯಿ ತೆರೆದು ಸೀನಿದ ಲೀಲಾಧರ

“ಕಿತ್ತ ಹಲ್ಲಿನ ಬೇರು ಮೂಗಿನ ಪಕ್ಕದ ಸೈನಸ್ ಪೊಳ್ಳಿಗೆ ತಾಗಿಕೊಂಡೇ ಇತ್ತು. ಈಗ ನಡುವೆ ಇರೋದು ಹಪ್ಪಳದಷ್ಟು ತೆಳು ಪದರ,” ಎಂದರು ಬೇಲಾಪುರದ ಕನ್ನಡದ ಹಲ್ಲಿನ ಡಾಕ್ಟರು. “ಮೂಗಿನಿಂದ ಜೋರಾಗಿ ಗಾಳಿ ಬಿಡ್ಬೇಡಿ. ಸ್ಟ್ರಾ ಹಾಕಿ ಕುಡೀಬೇಡಿ. ಸೀನು ಬಂದ್ರೆ ತಡೀಲೇಬೇಡಿ, ಬಾಯಿ ಪೂರ್ತಿ ತೆರೆದು ಸೀನಿ.”

ಲೀಲಾಧರ ತನ್ನ ಮೂಗನ್ನು ಗಾಜಿನ ಸಾಮಾನಿನಂತೆ ಕಾಪಾಡಿಕೊಳ್ಳುತ್ತ ಸೀವುಡ್ಸ್‌ನ ಮನೆ ಸೇರಿದ. ಇಂಜೆಕ್ಷನ್ನಿಗೆ ಮರಗಟ್ಟಿದ ನಾಲಿಗೆ ಬಾಯೊಳಗೆ ಬಾಡಿಗೆಗೆ ಬಂದವರ ಹಾಗೆ ಬಿದ್ದಿತ್ತು. ಮಲಗೋಣ ಎನ್ನುವಷ್ಟರಲ್ಲಿ ಕೆಳಗಿನ ಮನೆಯ ಸಿದ್ರಾಮ ಹಬೆಯಾಡುವ ಪಾತ್ರೆ ಹಿಡಿದು ಒಳನುಗ್ಗಿದ.

“ಏನ್ರೀ ಅಣ್ಣಾರ, ಮಾರಿ ಕುಂಬಳಕಾಯಿ ಆಗ್ಯಾದಲ್ರಿ! ಹಬೆ ತಗೋರಿ. ಮೂಗಿನಾಗ ಜಗ್ಗಿ ಎಳೀರಿ, ಜಗ್ಗಿ ಬಿಡ್ರಿ!”

ಲೀಲಾಧರ ಮೂಗನ್ನು ದಿಂಬಿನಡಿ ಬಚ್ಚಿಟ್ಟ. ಅಷ್ಟರಲ್ಲಿ ಎದುರು ಮನೆಯ ದ್ರೌಪದಿಯಮ್ಮ ಎಳನೀರು ತಂದು ಸ್ಟ್ರಾವನ್ನು ಅವನ ತುಟಿಗೇ ತುರುಕಿದರು. ಅವನು ಹಾವು ಕಂಡವನಂತೆ ಹಿಂದಕ್ಕೆ ಹಾರಿದ.

“ನೀವು ಸುಮ್ನೆ ಮಲಗಿ ಮಾರಾಯ್ರೆ, ನಾಳೆಗೆ ಮೀನುಸಾರು ಮಾಡ್ತೇನೆ,” ಎಂದು ಹೆಂಡತಿ ಜಯಲತಾ ಅಡುಗೆಮನೆಯಲ್ಲಿ ಒಣಮೆಣಸು ಹುರಿಯತೊಡಗಿದಳು.

ಘಾಟು ನೇರ ಅವನ ಮೂಗನ್ನೇ ಹುಡುಕಿಕೊಂಡು ಬಂತು! ಲೀಲಾಧರ ಚಪ್ಪಲಿಯನ್ನೂ ಮೆಟ್ಟದೆ ಮೆಟ್ಟಿಲಿಳಿದು ಓಡಿದ. ಸಿದ್ರಾಮ ಪಾತ್ರೆ ಸಮೇತ ಬೆನ್ನಟ್ಟಿದ.

ಕೆಳಗೆ ಪಾರ್ಕಿಂಗ್‌ನಲ್ಲಿ ಕಟ್ಟಡದ ನಿವಾಸಿಗಳ ಸೊಸೈಟಿಯ ಸಭೆ ನಡೆಯುತ್ತಿತ್ತು. ಗಾಳಿ ಧಾರಾಳವಾಗಿತ್ತು. ಬದುಕಿದೆ ಎಂದುಕೊಂಡು ಅವನು ಹಿಂದಿನ ಕುರ್ಚಿಯಲ್ಲಿ ಕುಸಿದ. ಹಳೆಯ ಸೆಕ್ರೆಟರಿ ರಾಜೀನಾಮೆ ಕೊಟ್ಟಿದ್ದರು. ಬೈಗುಳ ಮಾತ್ರ ದಕ್ಕುವ ಆ ಕೆಲಸಕ್ಕೆ ಯಾರೂ ಸಿದ್ಧರಿರಲಿಲ್ಲ. ಎಲ್ಲರೂ ತಲೆ ತಗ್ಗಿಸಿ ತಮ್ಮ ತಮ್ಮ ಮೊಬೈಲಿಗೆ ಶರಣಾಗಿದ್ದರು.

“ಸೆಕ್ರೆಟರಿ ಕೌನ್ ಬನೇಗಾ? ಕೋಯಿ ತೋ ಬೋಲೋ!” ಯಾರಾದರೂ ಒಪ್ಪಿಕೊಳ್ಳಿ ಎಂದು ಚೇರ್ಮನ್ ಮ್ಹಾತ್ರೆ ಗೋಗರೆದರು.

ಒಳಗೆ ಸಿಕ್ಕಿಕೊಂಡಿದ್ದ ಘಾಟು ಆಗಲೇ ಕೆಲಸ ಶುರುಮಾಡಿತು. ಮೂಗಿನಲ್ಲಿ ಇರುವೆಗಳ ಮೆರವಣಿಗೆ ಹೊರಟಿತು. ತಡೆಯುವಂತಿಲ್ಲ! ಲೀಲಾಧರ ಎದ್ದು ನಿಂತು, ಕಣ್ಣು ಮುಚ್ಚಿ, ಬಾಯನ್ನು ಗುಹೆಯಂತೆ ತೆರೆದ.

“ಹಾಂ... ಹಾಂ... ಹಾಂ...!”

“ಹಾಂ ಬೋಲಾ!” ಒಪ್ಪಿಗೆ ಸಿಕ್ಕಿತೆಂದು ಮ್ಹಾತ್ರೆ ಕುಣಿದೇಬಿಟ್ಟರು. ಹಿಂದೆಯೇ ಸಿಡಿದ ಸೀನು ಚಪ್ಪಾಳೆಯಲ್ಲಿ ಮುಳುಗಿಹೋಯಿತು.

ಪದರ ಉಳಿಯಿತು! ಲೀಲಾಧರ ಹಿಗ್ಗಿನಿಂದ ಕಣ್ಣು ತೆರೆದರೆ ಕೊರಳಲ್ಲಿ ಹಾರ. ಬೇಡವೆನ್ನಲು ಹೋದ. ಮರಗಟ್ಟಿದ ನಾಲಿಗೆ ಹೊರಳಲಿಲ್ಲ. “ಬೇ... ಬೇ...” ಎನ್ನುತ್ತಿದ್ದಂತೆ ಕಣ್ಣಲ್ಲಿ ನೀರು ಸುರಿಯಿತು.

“ಖುಷಿ ಸೇ ರೋ ರಹೇ ಹೈಂ,” ಎಂದು ಅದನ್ನು ಆನಂದಬಾಷ್ಪವೆಂದೇ ತಿಳಿದ ಮ್ಹಾತ್ರೆ ಅವನನ್ನು ಅಪ್ಪಿಕೊಂಡರು.

ಸಿದ್ರಾಮ ಪಾತ್ರೆ ಕೆಳಗಿಟ್ಟು ಮುಂದೆ ಬಂದ. “ಛಲೋ ಆತ್ರಿ ಅಣ್ಣಾರ! ಹಳೇ ಸೆಕ್ರೆಟರಿ ನನ್ನ ಮಾತು ಕಿವೀಗೇ ಹಾಕ್ಕೊಳ್ಳಿಲ್ಲ. ನೀವಾರ ನ್ಯಾಯ ಕೊಡ್ರಿ. ನನ್ನ ಬಚ್ಚಲಮನಿ ಮಾಳಿಗಿ ಸೋರಾಕ ಹತ್ಯಾದ. ಮ್ಯಾಲಿನ ಮನಿಯವರಿಗೆ ಇವತ್ತೇ ನೋಟಿಸ್ ಕೊಡ್ರಿ, ನೆಲ ಒಡಸ್ರಿ!”

ಸಭೆಯಲ್ಲಿದ್ದವರೆಲ್ಲ ಹೊಸ ಸೆಕ್ರೆಟರಿಯತ್ತ ನೋಡಿದರು. ಸಿದ್ರಾಮನ ಮೇಲಿನ ಮನೆ ಲೀಲಾಧರನದೇ.