ಹೇಮಶ್ರೀಯ ಜೋಡುನಳಿಗೆ

ಚುನಾವಣೆ ಘೋಷಣೆಯಾದ ಕೂಡಲೇ ಪರವಾನಗಿದಾರರೆಲ್ಲರೂ ತಮ್ಮ ಕೋವಿಗಳನ್ನು ಠಾಣೆಯಲ್ಲಿ ಠೇವಣಿ ಇಡತಕ್ಕದ್ದು ಎಂಬುದು ಪುತ್ತೂರು, ಸುಳ್ಯ, ಕಡಬದ ಕಡೆ ಹಾಲು ಕುಡಿಯುವ ಮಗುವಿಗೂ ಗೊತ್ತಿರುವ ಸಂಗತಿ. ಸದರಿ ನಿಯಮಕ್ಕನುಸಾರವಾಗಿ, ಸಂಪಾಜೆ ದಾರಿಯ ಬೋಜಪ್ಪ ಗೌಡರ ಮಗಳು, ವೃತ್ತಿಪರ ಬಾಕ್ಸರ್ ಕುಮಾರಿ ಹೇಮಶ್ರೀ, ತನ್ನ ಎರಡು ಕೈಗಳನ್ನು ಠೇವಣಿ ಇಡಲು ಬೆಳಗಿನ ಬಸ್ಸಿನಲ್ಲಿ ಹೊರಟಳು. ಆಧಾರ್ ಕಾರ್ಡ್ ತೋರಿಸಿದ್ದರಿಂದ ಪ್ರಯಾಣ ಉಚಿತವಾಯಿತು. ಕೈಗಳಿಗೆ ಬೇರೆ ಲಗೇಜು ಟಿಕೇಟು ಬೇಡವೆಂದು ಕಂಡಕ್ಟರು ಉದಾರವಾಗಿ ಹೇಳಿದರು.

ಕೈಗಳಿಗೆ ಪರವಾನಗಿ ಬಂದದ್ದು ಒಂದು ಸನ್ಮಾನದಿಂದ. ಹೇಮಶ್ರೀ ಹೊರರಾಜ್ಯಗಳಲ್ಲಿ ಒಂದರ ಮೇಲೊಂದು ಗೆದ್ದು ಬಂದಾಗ ಬೆಳ್ಳಾರೆಯಲ್ಲಿ ಅವಳಿಗೆ ಶಾಲು ಹೊದೆಸಿ, ಹಣ್ಣಿನ ಬುಟ್ಟಿ ಕೊಟ್ಟು, ಕಿವಿಯವರೆಗೆ ಇಳಿಯುವಂಥ ಪೇಟ ತೊಡಿಸಿದ್ದರು. ಮುಖ್ಯ ಅತಿಥಿಗಳು ಮೈಕಿನ ಮುಂದೆ ಉಬ್ಬಿಹೋಗಿ, "ಇವು ಕೈಗಳಲ್ಲ ಬಂಧುಗಳೇ, ಜೋಡುನಳಿಗೆ ಕೋವಿ!" ಎಂದರು. ಮರುದಿನ ಪತ್ರಿಕೆಯಲ್ಲಿ ಅದೇ ತಲೆಬರಹ.

ಸರಕಾರಿ ಕಚೇರಿಯೊಂದರ ಆಯುಧ ಶಾಖೆಯ ಗುಮಾಸ್ತ ವಿಷ್ಣುಪ್ರಸಾದರು ಶ್ರದ್ಧಾಂಜಲಿಯಿಂದ ಹಿಡಿದು ಟೆಂಡರಿನವರೆಗೆ ಪತ್ರಿಕೆಯನ್ನು ಪೂರ್ತಿ ಓದುವ ಪ್ರಾಮಾಣಿಕರು. ಅವರು ಆ ದಿನವೇ ನೋಟೀಸು ತಯಾರಿಸಿದರು: "ತಾವು ಪರವಾನಗಿ ಇಲ್ಲದೆ ಜೋಡುನಳಿಗೆ ಕೋವಿ ಒಂದನ್ನು ಹೊಂದಿ, ಅದರೊಂದಿಗೆ ಸಾರ್ವಜನಿಕ ಸಮಾರಂಭದಲ್ಲಿ ಭಾಗವಹಿಸಿರುವುದು ಕಂಡುಬಂದಿರುತ್ತದೆ."

ಹೇಮಶ್ರೀ ಕಚೇರಿಗೆ ಹೋಗಿ ಎರಡೂ ಕೈಗಳನ್ನು ಮೇಜಿನ ಮೇಲಿಟ್ಟಳು. "ನೋಡಿ ಸಾರ್, ಇದು ಕೈ."

"ಅದು ನೀವು ಹೇಳುದು," ಎಂದರು ವಿಷ್ಣುಪ್ರಸಾದರು ಬೇಸರವಿಲ್ಲದೆ. "ಪತ್ರಿಕೆಯಲ್ಲಿ ಕೈ ಅಲ್ಲ ಅಂತ ಸ್ಪಷ್ಟವಾಗಿ ಉಂಟು. ನೀವು ಅಲ್ಲಿಯೇ ವೇದಿಕೆಯಲ್ಲಿ ಕೂತಿದ್ರಿ. ಆಕ್ಷೇಪಣೆ ಎತ್ತಿದ್ರಾ?"

"ಪೇಟ ಕಿವಿಗೆ ಇಳಿದಿತ್ತು. ಸರಿ ಕೇಳ್ಲಿಲ್ಲ."

"ಅದನ್ನು ಲಿಖಿತವಾಗಿ ಕೊಡಿ."

ಕೊಟ್ಟಳು. ಕೈಗಳನ್ನು ಪರೀಕ್ಷೆಗಾಗಿ ಆಯುಧ ತಜ್ಞರ ಬಳಿಗೆ ಕಳುಹಿಸಲಾಯಿತು. ಹೇಮಶ್ರೀ ಜೊತೆಗೆ ಹೋದಳು. ತಜ್ಞರು ಬೆರಳುಗಳನ್ನು ಮಡಚಿ ಬಿಡಿಸಿ, "ಗುಂಡು ತುಂಬಿರುವುದಿಲ್ಲ. ಆದರೆ ಸುಸ್ಥಿತಿಯಲ್ಲಿವೆ" ಎಂದು ವರದಿ ಬರೆದರು. ಈ ಎರಡನೆಯ ವಾಕ್ಯದಿಂದ ವಿಷಯ ಇತ್ಯರ್ಥವಾಯಿತು.

ಅಪ್ಪ ಬೋಜಪ್ಪ ಗೌಡರಿಗೆ ಇದರಲ್ಲಿ ತಲೆಕೆಡಿಸಿಕೊಳ್ಳುವಂಥದ್ದು ಏನೂ ಕಾಣಲಿಲ್ಲ. "ಅವರತ್ರ ಯಾಕೆ ಚರ್ಚೆ ಮಗಾ? ಒಂದು ಲೈಸೆನ್ಸ್ ಮಾಡಿ ಬಿಸಾಡು. ಊರಲ್ಲಿ ಎಲ್ಲರಿಗೂ ಉಂಟು, ನಿನಗೂ ಒಂದು ಇರ್ಲಿ."

ಅರ್ಜಿಯಲ್ಲಿ ಉದ್ದೇಶ ಎಂಬಲ್ಲಿ ಎರಡೇ ಆಯ್ಕೆಗಳಿದ್ದವು: ಆತ್ಮರಕ್ಷಣೆ ಮತ್ತು ಬೆಳೆರಕ್ಷಣೆ. ಬಾಕ್ಸಿಂಗ್ ಇರಲಿಲ್ಲ. ಆತ್ಮರಕ್ಷಣೆ ಎಂದರೆ ಶತ್ರುಗಳ ಹೆಸರು ಕೊಡಬೇಕಾಗುತ್ತದೆ, ಬೆಳೆರಕ್ಷಣೆಗೆ ಮಂಗ ಸಾಕು. ಹೀಗೆ ಹೇಮಶ್ರೀಯ ಕೈಗಳು ಬೋಜಪ್ಪ ಗೌಡರ ಕೊಕ್ಕೋ ತೋಟದ ರಕ್ಷಣೆಗಾಗಿ ನೋಂದಣಿಯಾದವು.

ಅಷ್ಟರಲ್ಲಿ ಚುನಾವಣೆ ಬಂತು.

ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ತ್ಯಾಂಪಣ್ಣ ಕೋವಿಗಳಿಗೆ ಚೀಟಿ ಕಟ್ಟುತ್ತಿದ್ದರು. ಹೇಮಶ್ರೀ ತನ್ನ ಗ್ಲೌಸುಗಳನ್ನು ಮುಂದಿಟ್ಟಳು.

"ಇದು ಚೀಲ ಅಲ್ವಾ? ಕೋವಿ ಎಲ್ಲಿ?"

"ಇಲ್ಲಿ," ಎಂದು ಕೈ ತೋರಿಸಿದಳು.

"ತೆಗೆದು ಇಡು."

"ತೆಗೀಲಿಕ್ಕೆ ಆಗುದಿಲ್ಲ ಸಾರ್. ಮೈಗೆ ಸೇರಿದ್ದು."

ತ್ಯಾಂಪಣ್ಣ ಮೂವತ್ತು ವರ್ಷದ ಸರ್ವಿಸಿನವರು, ಗಾಬರಿಯಾಗಲಿಲ್ಲ. ಬಿಡಿಸಲಾಗದ ಆಯುಧವನ್ನು ಅದಕ್ಕೆ ಅಂಟಿಕೊಂಡಿರುವ ವಸ್ತುವಿನ ಸಮೇತ ಠೇವಣಿ ಇಟ್ಟುಕೊಳ್ಳಬಹುದು ಎಂದು ತಿಳಿಸಿ, ಎರಡೂ ಮಣಿಕಟ್ಟುಗಳಿಗೆ ದಾರ ಕಟ್ಟಿ ಅರಗಿನ ಮುದ್ರೆ ಒತ್ತಿದರು. ಅರಗು ಸ್ವಲ್ಪ ಬಿಸಿ ಇತ್ತು. ಬೆಳಿಗ್ಗೆ ಬಂದು ಸಂಜೆಯವರೆಗೆ ಕೋವಿಗಳ ಕೋಣೆಯಲ್ಲಿ ಕುಳಿತಿರುವುದು, ರಾತ್ರಿ ಮುದ್ರೆ ಸಮೇತ ತಂದೆಯ ಜಾಮೀನಿನಲ್ಲಿ ಮನೆಗೆ ಹೋಗುವುದು ಎಂದು ತೀರ್ಮಾನವಾಯಿತು. ಮಧ್ಯಾಹ್ನ ಊಟಕ್ಕೆ ಬಲನಳಿಗೆಯನ್ನು ಮಾತ್ರ ತಾತ್ಕಾಲಿಕವಾಗಿ ಬಿಡುಗಡೆ ಮಾಡಲಾಗುತ್ತಿತ್ತು. ಹಪ್ಪಳ ಮುರಿಯಲು ಎಡಗೈಯ ಸಹಾಯ ಬೇಕೆಂದು ಕೇಳಿದ ಮನವಿ ಪರಿಶೀಲನೆಯಲ್ಲಿ ಉಳಿಯಿತು.

ತಮ್ಮ ಕೋವಿ ಇಡಲು ಬಂದ ಮೂಸಕುಂಞಿ ಬ್ಯಾರಿಗಳು ಕೋಣೆಯೊಳಗೆ ಇಣುಕಿ, ಗೋಡೆಗೆ ಒರಗಿಸಿಟ್ಟ ಕೋವಿಗಳ ನಡುವೆ ಒರಗಿ ಕುಳಿತ ಹೇಮಶ್ರೀಯನ್ನು ಕಂಡು ಮರುಗಿದರು. "ಎಣ್ಣೆ ಹಚ್ಚಿ ಇಡು ಮಗಳೇ. ಹೋದ ಸಲ ನನ್ನದು ಇಲ್ಲಿ ತುಕ್ಕು ಹಿಡಿದು ಬಂದದ್ದು."

ತುಕ್ಕು ಹಿಡಿಯುತ್ತಿದ್ದದ್ದು ನಿಜ. ಹೇಮಶ್ರೀಗೆ ಬೇಕಿದ್ದದ್ದು ಒಂದೇ: ಬೆಲ್ಟು. ದೇಶದ ಚಾಂಪಿಯನ್ ಎಂದು ಸೊಂಟಕ್ಕೆ ಕಟ್ಟುವ ಆ ಅಗಲವಾದ ಬೆಲ್ಟಿಗಾಗಿ ಗೋವಾದಲ್ಲಿ ಪಂದ್ಯ ನಿಗದಿಯಾಗಿತ್ತು. ಎದುರಾಳಿ ಮುಂಬೈಯ ಪ್ರೀತಿಕಾ. ಪಂದ್ಯದ ದಿನಕ್ಕೂ ಮತ ಎಣಿಕೆಗೂ ನಡುವೆ ಇನ್ನೂ ವಾರಗಟ್ಟಲೆ ನೀತಿಸಂಹಿತೆ ಇತ್ತು. ಹೋಗದಿದ್ದರೆ ಸೋತಂತೆ. ವಯಸ್ಸು ಮೂವತ್ತರ ಹೊಸ್ತಿಲಲ್ಲಿದ್ದವಳಿಗೆ ಇನ್ನೊಂದು ಕರೆ ಬರುವುದಿಲ್ಲವೆಂದು ಪುತ್ತೂರಿನ ಕೋಚ್ ನವಾಝ್ ಮುಲಾಜಿಲ್ಲದೆ ಹೇಳಿದ್ದ. ಅವಳು ಆ ಕೋಣೆಯಲ್ಲಿ ಕುಳಿತು, ಮುದ್ರೆ ಒಡೆಯದಂತೆ, ಭುಜ ಮಾತ್ರ ತಿರುಗಿಸಿ ಅಭ್ಯಾಸ ಮಾಡುತ್ತಿದ್ದಳು. ಕಣ್ಣೀರು ಬಂದರೆ ಒರೆಸಲು ಕೈ ಇರಲಿಲ್ಲ, ಆದ್ದರಿಂದ ಅಳಲಿಲ್ಲ.

ಕಾಡಂಚಿನ ಕೃಷಿಕರಿಗೆ ಠೇವಣಿಯಿಂದ ವಿನಾಯಿತಿ ಕೊಡುವ ಸಮಿತಿ ಒಂದಿದೆಯೆಂದು ನವಾಝ್ ಪತ್ತೆಹಚ್ಚಿದ. ಸಮಿತಿಯವರು ಕೇಳಿದರು: "ನಿಮ್ಮ ಈ ಕೋವಿ ಇಲ್ಲದೆ ಬೆಳೆಗೆ ಹಾನಿ ಆಗ್ತಾ ಉಂಟಾ?"

"ಭಯಂಕರ ಹಾನಿ," ಎಂದರು ಬೋಜಪ್ಪ ಗೌಡರು. "ಇವಳು ಠಾಣೆಯಲ್ಲಿ ಕೂತಲ್ಲಿಂದ ಮಂಗಗಳು ಅಡಿಗೆಮನೆಗೇ ಬರ್ತವೆ ಸ್ವಾಮಿ."

ವಿನಾಯಿತಿ ಮಂಜೂರಾಯಿತು. ಹೇಮಶ್ರೀಗೆ ಉಸಿರು ಬಂತು. ಆದೇಶದ ಕೊನೆಯ ಸಾಲು ಓದಿದಾಗ ಅದು ಹೋಯಿತು: "ಸದರಿ ಆಯುಧವನ್ನು ಅರ್ಜಿದಾರರ ತಂದೆಯ ತೋಟದ ಗಡಿಯೊಳಗೆ, ಬೆಳೆಹಾನಿ ಮಾಡುವ ಪ್ರಾಣಿಗಳ ವಿರುದ್ಧ ಮಾತ್ರ ಪ್ರಯೋಗಿಸತಕ್ಕದ್ದು."

"ಎಂತ ಮಾಡುದು ಈಗ?" ಎಂದಳು.

ನವಾಝ್ ತಲೆ ತುರಿಸಿಕೊಂಡ. "ಗಡಿಯ ಒಳಗೆ ಅಂತ ತಾನೇ ಇರುದು? ಗೋವಾವನ್ನು ಇಲ್ಲಿಗೆ ತರುವ."

ಚುನಾವಣೆಯ ದೆಸೆಯಿಂದ ಯಕ್ಷಗಾನದ ಆಟ, ತಾಳಮದ್ದಳೆಯ ಕೂಟ, ಕಬಡ್ಡಿ ಎಲ್ಲ ನಿಂತು ಜನ ಸಂಜೆ ಮಾಡಲು ಕೆಲಸವಿಲ್ಲದೆ ಕುಳಿತಿದ್ದಾರೆ ಎಂದು ತಿಳಿದ ಸಂಘಟಕರು ಸಂತೋಷದಿಂದ ಒಪ್ಪಿದರು. ಬೋಜಪ್ಪ ಗೌಡರ ತೋಟದಲ್ಲಿ ನಾಲ್ಕು ಕೊಕ್ಕೋ ಮರಗಳ ನಡುವೆ ಹಗ್ಗ ಕಟ್ಟಿ ಅಖಾಡ ಎದ್ದಿತು. ಇನ್ನು ಉಳಿದದ್ದು ಎದುರಾಳಿಯ ವಿಚಾರ. ವಿಷ್ಣುಪ್ರಸಾದರು ಕಾಗದಪತ್ರ ಸಮೇತ ಖುದ್ದಾಗಿ ಬಂದಿದ್ದರು.

ಪ್ರೀತಿಕಾಳ ಅಜ್ಜ ಪುತ್ತೂರಿನಿಂದ ಮುಂಬೈಗೆ ಹೋಗಿ ಹೋಟೆಲು ಇಟ್ಟವರು. ಆದ್ದರಿಂದ ಅವಳಿಗೆ ನಮ್ಮ ಕಡೆಯ ಮಾತೂ ಬರುತ್ತಿತ್ತು, ಕಾನೂನಿನ ಮೇಲೆ ಭಯಭಕ್ತಿಯೂ ಇತ್ತು. ಕಾಗದ ಓದಿ ಕೇಳಿದಳು: "ಇದರಲ್ಲಿ ನಾನು ಎಂತ ಪ್ರಾಣಿ ಮಾರಾಯ್ರೆ? ಮಂಗವಾ, ಹಂದಿಯಾ?"

"ಮಂಗನ ಫೈಲು ದೆಹಲಿಯವರೆಗೆ ಹೋಗ್ತದೆ," ಎಂದರು ವಿಷ್ಣುಪ್ರಸಾದರು. "ಕಾಡುಹಂದಿ ಆದರೆ ಇಲ್ಲಿಯೇ ಮುಗೀತದೆ."

"ನನ್ನ ತೂಕದ ವಿಭಾಗಕ್ಕೆ ಹಂದಿ ಜಾಸ್ತಿ ಆಯ್ತು. ಹಂದಿಮರಿ ಅಂತ ಬರೀರಿ."

ಹಂದಿಮರಿ ಎಂದು ಬರೆಯಲಾಯಿತು. ಆದರೆ ಹಾನಿ ಮಾಡದ ಪ್ರಾಣಿಯ ಮೇಲೆ ಆಯುಧ ಪ್ರಯೋಗಿಸುವಂತಿಲ್ಲ. ಆದುದರಿಂದ ಗಂಟೆ ಬಾರಿಸುವ ಮೊದಲು ಪ್ರೀತಿಕಾ ಒಂದು ಕೊಕ್ಕೋ ಕಾಯಿಗೆ ಕೈ ಹಾಕಿದಳು.

"ಅದು ಬೇಡ, ಹಣ್ಣಾಗಲಿಲ್ಲ," ಎಂದು ಬೋಜಪ್ಪ ಗೌಡರು ಓಡಿಬಂದು, ಬೇರೆ ಮರದಿಂದ ಹಳದಿಯಾದದ್ದನ್ನು ಆರಿಸಿ ಕೊಟ್ಟರು. "ಇದನ್ನು ಹಾನಿ ಮಾಡಮ್ಮ. ಸೀ ಉಂಟು."

ಅವಳು ಒಡೆದು, ಬೀಜ ಚೀಪಿ, ಉಗುಳಿದಳು. ಹಾನಿ ಸಾಬೀತಾಯಿತು. ಪ್ರಯೋಗದ ಕ್ಷಣದವರೆಗೂ ಒಡೆಯದೆ ಇಟ್ಟಿದ್ದ ಹೇಮಶ್ರೀಯ ಕೈಯ ಅರಗನ್ನು ತ್ಯಾಂಪಣ್ಣ ಈಗ ಒಡೆದರು.

ಮೊದಲ ಸುತ್ತುಗಳಲ್ಲಿ ಹಂದಿಮರಿಯೇ ಮೇಲುಗೈ. ಠಾಣೆಯ ಕೋಣೆಯಲ್ಲಿ ಜಡಗಟ್ಟಿದ ಕೈಗಳು ಮನಸ್ಸು ಹೇಳಿದ ಮೇಲೆ ಒಂದು ಕ್ಷಣ ತಡವಾಗಿ ಏಳುತ್ತಿದ್ದವು. ಹೇಮಶ್ರೀಯ ತುಟಿ ಒಡೆಯಿತು, ಮೂಗಿನಲ್ಲಿ ನೆತ್ತರು. ಮೂಲೆಯಲ್ಲಿ ನವಾಝ್ ನೀರು ಚಿಮುಕಿಸಿ, "ನೀನು ಎಂತ, ಇನ್ನೂ ಠೇವಣಿಯಲ್ಲಿ ಇದ್ದೀಯಾ?" ಎಂದು ಗದರಿದ. ಅವಳು ಎದ್ದಳು. ಕೊನೆಯ ಸುತ್ತಿನಲ್ಲಿ ಪ್ರೀತಿಕಾ ಬಲಗೈ ಬೀಸಿದಾಗ ಕೆಳಗೆ ಬಾಗಿ, ಎಡಗೈಯಿಂದ ಗಲ್ಲಕ್ಕೆ ಕೊಟ್ಟ ಪೆಟ್ಟಿಗೆ ಯಾವ ಕಚೇರಿಯ ಅನುಮತಿಯೂ ಇರಲಿಲ್ಲ. ಅದು ಅವಳದ್ದೇ. ಪ್ರೀತಿಕಾ ಕುಳಿತಳು, ಏಳಲಿಲ್ಲ. ಸ್ಥಳದಲ್ಲಿ ಹಾಜರಿದ್ದ ಪಶುವೈದ್ಯರು ಅವಳ ಗಲ್ಲಕ್ಕೆ ಎರಡು ಹೊಲಿಗೆ ಹಾಕಿ, ಹುಲ್ಲು ತಿನ್ನುವುದಕ್ಕೆ ತೊಂದರೆಯಿಲ್ಲವೆಂದು ದೃಢೀಕರಿಸಿದರು.

ನವಾಝ್ ಗ್ಲೌಸು ಬಿಚ್ಚಿದ. ಬೆಲ್ಟು ಸೊಂಟಕ್ಕೆ ಬಂತು. ರೆಫ್ರಿ ವಿಜೇತಳ ಕೈ ಎತ್ತಲು ಹೊರಟಾಗ ತ್ಯಾಂಪಣ್ಣ ಶಿಳ್ಳೆ ಊದಿದರು.

"ಮುಷ್ಟಿ ಕಟ್ಟಿ ಮೇಲೆತ್ತಿದರೆ ಅದು ಗಾಳಿಯಲ್ಲಿ ಗುಂಡು ಹಾರಿಸಿದ ಹಾಗೆ. ಕೇಸು ಆಗ್ತದೆ."

"ಹಾಗಾದರೆ ಬಿಡಿಸಿ ಎತ್ತುವ," ಎಂದ ರೆಫ್ರಿ.

"ಬಿಡಿಸಿದ ಕೈ ಒಂದು ಪಕ್ಷದ ಚಿಹ್ನೆ," ಎಂದರು ವಿಷ್ಣುಪ್ರಸಾದರು. "ಇಷ್ಟು ಜನರ ಎದುರು ಎತ್ತಿದರೆ ಪ್ರಚಾರ. ವೆಚ್ಚ ಯಾವ ಅಭ್ಯರ್ಥಿಗೆ ಹಾಕುದು?"

ಮುಚ್ಚುವಂತೆಯೂ ಇಲ್ಲ, ಬಿಡಿಸುವಂತೆಯೂ ಇಲ್ಲದ ಕೈಗಳನ್ನು ಹಿಡಿದುಕೊಂಡು ದೇಶದ ಚಾಂಪಿಯನ್ ಅಖಾಡದ ನಡುವೆ ನಿಂತಳು. ವಿಷ್ಣುಪ್ರಸಾದರು, ತ್ಯಾಂಪಣ್ಣ, ಪಶುವೈದ್ಯರು ಹೀಗೆ ಮೂವರು ಅಧಿಕಾರಿಗಳು ಬಾಳೆಯ ಬುಡದಲ್ಲಿ ಸಮಾಲೋಚಿಸಿ ಬಂದರು. ಮೊಣಕೈ ಆಯುಧವೂ ಅಲ್ಲ, ಚಿಹ್ನೆಯೂ ಅಲ್ಲ. ರೆಫ್ರಿ ಹೇಮಶ್ರೀಯ ಮೊಣಕೈ ಹಿಡಿದು ಮೇಲೆತ್ತಿದ. ಅಂಗೈ ಬಾಡಿದ ಎಲೆಯಂತೆ ಕೆಳಗೆ ಜೋತಿತ್ತು. ಜನ ಕೇಕೆ ಹಾಕಿದರು.

ಆ ಫೋಟೋ ಎಲ್ಲ ಪತ್ರಿಕೆಗಳಲ್ಲಿ ಬಂತು. ಈಗ ಚುನಾವಣೆ ಮುಗಿದು ಸರಕಾರವೂ ರಚನೆಯಾಗಿ ಹಳತಾಗಿದೆ, ಆದರೆ ನಮ್ಮ ಕಡೆ ಕಬಡ್ಡಿಯಲ್ಲಾಗಲಿ ಶಾಲೆಯ ಓಟದಲ್ಲಾಗಲಿ ಗೆದ್ದವರ ಮೊಣಕೈ ಎತ್ತುವುದೇ ಕ್ರಮ. ಉತ್ತರ ಗೊತ್ತಿರುವ ಮಕ್ಕಳು ತರಗತಿಯಲ್ಲಿ ಮೊಣಕೈ ಎತ್ತುತ್ತಾರೆ. ಯಾಕೆಂದು ಕೇಳಿದರೆ, ಹಿಂದಿನಿಂದ ಬಂದ ಪದ್ಧತಿ ಎನ್ನುತ್ತಾರೆ.

ಮೊನ್ನೆ ಪುಣೆಯಲ್ಲಿ ಹೇಮಶ್ರೀ ಬೆಲ್ಟು ಉಳಿಸಿಕೊಂಡಳು. ಅಲ್ಲಿ ಚುನಾವಣೆ ಇರಲಿಲ್ಲ, ತ್ಯಾಂಪಣ್ಣ ಇರಲಿಲ್ಲ. ರೆಫ್ರಿ ಅವಳ ಮಣಿಕಟ್ಟು ಹಿಡಿದ. ಹೇಮಶ್ರೀ ಅದನ್ನು ಮೆಲ್ಲನೆ ಬಿಡಿಸಿಕೊಂಡು, ನಯವಾಗಿ ನಕ್ಕು, ಮೊಣಕೈಯನ್ನು ಮುಂದೆ ಮಾಡಿದಳು.