ಉದ್ದದ ಕಾರಿಗೊಂದು ಪರವಾನಗಿ

ನನಗೆ ಆಗುವ ಅವಮಾನಗಳಿಗೆ ಒಂದು ಶಿಸ್ತಿದೆ. ಒಂದು ಪೂರ್ತಿ ಮುಗಿಯುವ ಮೊದಲೇ ಇನ್ನೊಂದು ಬಂದು ಬಾಗಿಲ ಹತ್ತಿರ ನಿಂತಿರುತ್ತದೆ.

ಶಿರಸಿಯಲ್ಲಿ ನಮ್ಮದು ಲಾರಿ, ಟೆಂಪೋ ನಡೆಸುವ ಮನೆತನ. ಅಷ್ಟಕ್ಕೇ ಸುಮ್ಮನಿರಲಾರದೆ ಗೋವಾ ಕಡೆಯಿಂದ ಒಂದು ಹಳೇ ಲಿಮೋಸಿನ್ ತಂದೆ. ಮಾಮೂಲಿ ಕಾರನ್ನು ನಡುವೆ ಕತ್ತರಿಸಿ, ಇನ್ನೊಂದು ಕಾರಿನಷ್ಟು ಉದ್ದ ಸೇರಿಸಿದ ಬಿಳಿ ಗಾಡಿ ಅದು. ಮದುವೆಗಳಿಗೆ ಬಾಡಿಗೆ ಬಿಡುವ ಆಸೆ. ಅಂಥ ಗಾಡಿಗೆ ಊರಿನ ಕಚೇರಿಯ ಪರವಾನಗಿ ಬೇಕು, ಇಲ್ಲದಿದ್ದರೆ ಹಿಡಿದು ಸ್ಟೇಷನ್ನಿನ ಎದುರು ನಿಲ್ಲಿಸುತ್ತಾರೆ ಎಂದು ಆಮೇಲೆ ಗೊತ್ತಾಯಿತು. ಅಷ್ಟರಲ್ಲಿ ನನ್ನ ಮಗಳು ಅದರೊಳಗೆ ಹೋಗಿ ಕೂತು, "ಅಬ್ಬಾ, ನಿಕಾಹ್ ಮುಗಿಸಿ ಯಲ್ಲಾಪುರಕ್ಕೆ ನಾನು ಇದರಲ್ಲೇ ಹೋಗೋದು" ಎಂದಾಗಿತ್ತು. ಯಲ್ಲಾಪುರದ ಹುಡುಗನ ಜೊತೆ ಅವಳ ಮದುವೆ ನಿಶ್ಚಯವಾಗಿತ್ತು. ಆಗಲಿ ಎಂದೆ. ನನ್ನ ಗ್ರಹಚಾರ ಶುರುವಾದದ್ದು ಅಲ್ಲಿಂದ.

ಅರ್ಧ ತಪಾಸಣೆ

ಶಿರಸಿ, ಸಿದ್ದಾಪುರ, ಯಲ್ಲಾಪುರ, ಈ ಮೂರರಲ್ಲಿ ಯಾವ ಊರಿನ ಕಚೇರಿ ಎಂದು ಹೇಳಲಾರೆ. ಮೂರು ಕಡೆಯೂ ನನಗೆ ಇನ್ನೂ ಕೆಲಸ ಇದೆ.

ಗುಮಾಸ್ತರು ಗಾಡಿ ತಂದು ತೋರಿಸಿ ಎಂದರು. ತಂದೆ. ಕಚೇರಿಯ ಗೇಟಿನಲ್ಲಿ ತಿರುಗಿಸಿದರೆ ಮೂತಿ ಒಳಗೆ ಹೋಯಿತು, ನಡುವಿನಲ್ಲಿ ಸಿಕ್ಕಿಹಾಕಿಕೊಂಡಿತು, ಬಾಲ ರಸ್ತೆಯಲ್ಲೇ ಉಳಿಯಿತು. ಮುಂದೆಯೂ ಹೋಗದು, ಹಿಂದೆಯೂ ಬಾರದು. ಹಿಂದಿನಿಂದ ಬಸ್ಸಿನವನು ಹಾರ್ನ್ ಒತ್ತಿ ಹಿಡಿದ. ಕಚೇರಿಯೊಳಗೆ ಇದ್ದವರು ಮನೆಗೆ ಹೋಗಲು ಗೋಡೆ ಹಾರತೊಡಗಿದರು.

ಗುಮಾಸ್ತರು ಮಾತ್ರ ಶಾಂತವಾಗಿ ಬಂದರು. ಮುಂದಿನ ದೀಪ ನೋಡಿದರು, ಮುಂದಿನ ಚಕ್ರ ನೋಡಿದರು, ಡ್ರೈವರ್ ಬಾಗಿಲು ತೆರೆದು ಮುಚ್ಚಿದರು. ಗೇಟಿನ ಹತ್ತಿರ ಬಂದವರು ನಿಂತುಬಿಟ್ಟರು.

"ಸರ್, ಹಿಂದಿನ ಭಾಗ?" ಎಂದೆ.

"ಅದು ನಿಂತಿರೋದು ರಸ್ತೆ ಮೇಲೆ. ರಸ್ತೆ ನಮ್ಮ ಇಲಾಖೆಯದಲ್ಲ."

ಕೊನೆಗೆ ಗೇಟಿನ ಒಂದು ಕಂಬ ಕೆಡವಿ ಗಾಡಿ ಬಿಡಿಸಿದೆವು. ಕಂಬ ನಾನೇ ಕಟ್ಟಿಸಿಕೊಟ್ಟೆ. ವರದಿಯಲ್ಲಿ ಅವರು ಬರೆದದ್ದು ಇಷ್ಟು: "ಕಚೇರಿಯ ಒಳಗೆ ಬಂದಷ್ಟು ವಾಹನ ಸುಸ್ಥಿತಿಯಲ್ಲಿದೆ."

ಮೊದಲ ಗಿರಾಕಿ

ಪರವಾನಗಿ ಬರುವ ಮೊದಲೇ ಒಬ್ಬರು ಗಿರಾಕಿ ಬಂದರು. ಹೆಗಡೆಕಟ್ಟಾ ಕಡೆಯ ಹೆಗಡೇರು, ಮಗಳ ಮದುವೆಗೆ ಕಾರು ಬೇಕಿತ್ತು. ನಮ್ಮ ಮನೆವರೆಗೆ ಬರ್ತದೋ ಇಲ್ವೋ ಒಮ್ಮೆ ತಂದು ತೋರಿಸು ಮಾರಾಯ ಎಂದರು. ಬಾಡಿಗೆ ಇಲ್ಲದೆ, ಹೆದರುತ್ತಲೇ ತೆಗೆದುಕೊಂಡು ಹೋದೆ.

ಹೋಗುವುದೇನೋ ಹೋಯಿತು. ಅಂಗಳದಲ್ಲಿ ತಿರುಗಲಿಲ್ಲ. ಹೆಗಡೇರನ್ನೂ ಅವರ ಹೆಂಡತಿಯನ್ನೂ ಕೂರಿಸಿಕೊಂಡು ಡಾಂಬರು ರಸ್ತೆಯವರೆಗೆ ಇಡೀ ದಾರಿ ರಿವರ್ಸಿನಲ್ಲೇ ಬಂದೆ. ಕತ್ತು ತಿರುಚಿ ನನ್ನ ಪ್ರಾಣ ಹೋಗುತ್ತಿತ್ತು. ಹೆಗಡೇರಿಗೆ ಮಾತ್ರ ಖುಷಿ. "ಇದೂ ಒಂದು ಚಂದವೇ. ಮದುಮಗಳು ತವರುಮನೆ ನೋಡ್ತಾ ನೋಡ್ತಾ ಗಂಡನ ಮನೆಗೆ ಹೋಗ್ತಾಳೆ" ಎಂದರು.

ಹೆಂಡತಿ ಅವರ ಕಡೆ ತಿರುಗಿ, "ಬ್ಯಾಡದೇ ಬ್ಯಾಡ! ಮನೆ ಕಾಣ್ತಾ ಇದ್ರೆ ಕೂಸು ಇಳ್ದು ಓಡಿ ಬತ್ತು!" ಎಂದರು. ಕೊನೆಗೆ ಮದುವೆಗೆ ಜೀಪು ಗೊತ್ತು ಮಾಡಿದರು.

ಕಂಪ್ಯೂಟರಿನಲ್ಲಿ ಇಲ್ಲದ ಗಾಡಿ

ಮಗಳ ಮದುವೆ ಮುಂದಿನ ವಾರ ಎನ್ನುವಾಗ ಮತ್ತೆ ಅದೇ ಗುಮಾಸ್ತರ ಎದುರು ಹೋಗಿ ಕೈಮುಗಿದೆ. ಅವರು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು.

"ನೋಡಿ, ಮದುವೆ ಗಾಡಿ ಅಂತ ಇದರಲ್ಲಿ ಇಲ್ಲವೇ ಇಲ್ಲ. ನೀರಿನ ಟ್ಯಾಂಕರ್ ಇದೆ, ಕಸದ ಗಾಡಿ ಇದೆ, ಐಸ್‌ಕ್ರೀಮ್ ಗಾಡಿ ಇದೆ. ಇನ್ನೊಂದು ಇದೆ."

"ಬೇರೆ ಹೆಸರು ಸೇರಿಸೋಕಾಗಲ್ವಾ ಸರ್?"

"ಬೆಂಗಳೂರಿಗೆ ಬರೀಬೇಕು. ನಿಮ್ಮ ಅಳಿಯ ಕಾಯ್ತಾನಾ?"

ನನಗೆ ಅಳುವೇ ಬಂತು. ಅವರಿಗೂ ಕನಿಕರ ಬಂದಿರಬೇಕು. ಕಂಪ್ಯೂಟರನ್ನು ಮತ್ತೆ ತಮ್ಮ ಕಡೆ ತಿರುಗಿಸಿಕೊಂಡು ಕೇಳಿದರು, "ಗಾಡಿಗೆ ಹೂವು ಕಟ್ತೀರಾ?"

"ಕಟ್ತೀವಿ."

"ನಿಧಾನ ಹೋಗ್ತದೆ?"

"ಹೌದು."

"ಹಿಂದೆ ಜನ ಬರ್ತಾರೆ?"

"ಬರ್ತಾರೆ."

"ಮತ್ತೇನು, ಎಲ್ಲಾ ಹೊಂದಿಕೆ ಆಗ್ತದೆ" ಎಂದು ಒಂದು ಗುಂಡಿ ಒತ್ತಿದರು. ಯಂತ್ರ ಗರಗರ ಎಂದು ಪರವಾನಗಿ ಹೊರಗೆ ಹಾಕಿತು. ಸೀಲು, ಸಹಿ ಎಲ್ಲ ಸರಿಯಾಗಿತ್ತು. ವಾಹನದ ವರ್ಗ: ಶವವಾಹನ.

ಗುಮಾಸ್ತರು ನೀರು ಕೊಟ್ಟು ಸಮಾಧಾನ ಹೇಳಿದರು. "ಲಾಭವೂ ಇದೆ ಇವರೇ. ಹಿಂದಿನಿಂದ ಯಾರೂ ಹಾರ್ನ್ ಹಾಕೋದಿಲ್ಲ."

ಯಲ್ಲಾಪುರದ ದಾರಿ

ಮನೆಯಲ್ಲಿ ಈ ವಿಷಯ ಹೆಂಡತಿಗೂ ಹೇಳಲಿಲ್ಲ. ಪರವಾನಗಿ ಮಡಿಸಿ ಜೇಬಿನಲ್ಲಿಟ್ಟುಕೊಂಡೆ, ಯಾರೂ ಕೇಳದಿರಲಿ ದೇವರೇ ಎಂದು ಬೇಡಿಕೊಂಡೆ.

ನಿಕಾಹ್ ಚೆನ್ನಾಗಿ ಆಯಿತು. ಮಗಳು ಆಸೆಪಟ್ಟಂತೆ ಅದೇ ಕಾರಿನಲ್ಲಿ ಕೂತಳು. ಮಗಳನ್ನು ಕಳಿಸಿಕೊಡುವ ಹೊತ್ತು ಎಂದರೆ ನಮ್ಮಲ್ಲಿ ಎಲ್ಲರೂ ಅಳುವುದೇ. ಹಿಂದೆ ಮಗಳು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು, ಸ್ಟೇರಿಂಗ್ ಹಿಡಿದು ನಾನೂ ಅಳುತ್ತಿದ್ದೆ. ಅಳಿಯ ಮಾತ್ರ ಅಲುಗಾಡದೆ ಕೂತಿದ್ದ. ತಲೆಯಿಂದ ಎದೆಯವರೆಗೆ ಮುಖ ಮುಚ್ಚುವಂತೆ ಇಳಿಬಿಟ್ಟ ಹೂವಿನ ಸೆಹ್ರಾ, ಅದರ ಮೇಲೆ ಮತ್ತೆ ಹಾರಗಳು. ಮನುಷ್ಯ ಒಂದಿಷ್ಟೂ ಕಾಣುತ್ತಿರಲಿಲ್ಲ.

ಯಲ್ಲಾಪುರ ಹತ್ತಿರ ಬಂತು ಎನ್ನುವಾಗ ಪೊಲೀಸರೊಬ್ಬರು ಕೈ ಅಡ್ಡ ಹಿಡಿದರು. ಹಾವೇರಿ ಕಡೆಯಿಂದ ಹೊಸದಾಗಿ ಬಂದವರು. "ಪರ್ಮಿಟ್ ತೋರಸ್ರಿ" ಎಂದರು. ಗಾಡಿ ಹಿಡಿದರೆ ನನ್ನ ಮಗಳು ಮದುವೆಯ ಬಟ್ಟೆಯಲ್ಲಿ ರಸ್ತೆ ಬದಿ ನಿಲ್ಲಬೇಕು. ಬೇರೆ ದಾರಿ ಇಲ್ಲದೆ ಕಾಗದ ಕೊಟ್ಟೆ.

ಓದಿದರು. ಬಗ್ಗಿ ಒಳಗೆ ನೋಡಿದರು. ಅವರ ಕಡೆ ಕೆಲವರಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ, ಹೂವಿನಿಂದ ಅಲಂಕಾರ ಮಾಡಿ ಕೂರಿಸಿಯೇ ಒಯ್ಯುತ್ತಾರೆ. ಅಳಿಯನನ್ನು ನೋಡಿದ್ದೇ ಅವರು ಟೊಪ್ಪಿಗೆ ತೆಗೆದರು.

"ಅಯ್ಯ ಶಿವನೇ, ಸಣ್ಣ ವಯಸ್ಸು ಕಾಣ್ತೈತಿ. ಹೆಂಗಾತ್ರೀ ಇದು?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಮಗಳ ಮದುವೆಯ ದಿನ ಅಳಿಯ ಸತ್ತ ಎಂದು ಯಾವ ಅಪ್ಪ ಹೇಳುತ್ತಾನೆ? ಅಳುತ್ತಲೇ, ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟೆ.

"ಮದುವೆ ಆಯ್ತು ಸರ್."

ಅದೇ ಹೊತ್ತಿಗೆ ಮಲ್ಲಿಗೆಯ ಘಾಟಿಗೆ ಅಳಿಯ ಜೋರಾಗಿ ಸೀನಿದ.

ಪೊಲೀಸರು ಅಳಿಯನನ್ನು ನೋಡಿದರು. ಅಳುತ್ತಿದ್ದ ನನ್ನ ಮಗಳನ್ನು ನೋಡಿದರು. ಕಾಗದವನ್ನು ಇನ್ನೊಮ್ಮೆ ಓದಿದರು. ಆಮೇಲೆ ಟೊಪ್ಪಿಗೆ ಹಾಕಿಕೊಂಡು, ಕಾಗದ ಮಡಿಸಿ ನನ್ನ ಕೈಗೆ ಕೊಟ್ಟರು.

"ನಂದೂ ಹಂಗ ಆಗೇತ್ರೀ. ಕಾಗದ ಬರೋಬ್ಬರಿ ಐತಿ, ಹೋಗ್ರಿ."