ಕಾಕಾನ ತುಟಿವಿದ್ಯೆ, ನಮ್ಮ ಬಚ್ಚಲ ನೀರು

ನಮ್ಮ ಕಾಕಾನಿಗೆ ಕಿವಿ ಕೇಳುವುದಿಲ್ಲ. ಗೋಕಾಕದ ನಮ್ಮ ಓಣಿಯಲ್ಲಿ ಯಾರ ಗುಟ್ಟೂ ಉಳಿಯದಿರುವುದಕ್ಕೆ ಇದೇ ಕಾರಣ ಎಂದರೆ ನೀವು ನಂಬುತ್ತೀರಾ?

ಅವರು ನನ್ನ ಯಜಮಾನರ ಕಾಕಾ. ಮದುವೆ ಆಗಲಿಲ್ಲ, ನಮ್ಮ ಜೊತೆಗೇ ಇದ್ದಾರೆ. ಗಿರಣಿಯ ಮಗ್ಗಗಳ ನಡುವೆ ಮೂವತ್ತು ವರ್ಷ ದುಡಿದವರು. ಅಲ್ಲಿ ಪಕ್ಕದವನು ಕೂಗಿದರೂ ಕೇಳಿಸುತ್ತಿರಲಿಲ್ಲವಂತೆ. ಅದಕ್ಕೇ ಒಬ್ಬರ ತುಟಿ ಒಬ್ಬರು ನೋಡಿ ಮಾತು ತಿಳಿಯುವುದನ್ನು ಎಲ್ಲರೂ ಕಲಿತಿದ್ದರು. ಕೆಲಸ ಮುಗಿದಾಗ ಕಾಕಾನ ಕಿವಿ ಅಲ್ಲೇ ಉಳಿಯಿತು, ವಿದ್ಯೆ ಮಾತ್ರ ಮನೆಗೆ ಬಂತು. ನೀವು ರಸ್ತೆಯ ಆಚೆ ನಿಂತು ಪಿಸುಗುಟ್ಟಿದರೂ ಓದಿಬಿಡುತ್ತಾರೆ. ಓದಿ ಸುಮ್ಮನಿದ್ದರೆ ಚಿಂತೆಯಿರಲಿಲ್ಲ. ಓದಿದ್ದನ್ನು ಹೇಳುತ್ತಾರೆ, ಅದೂ ಮಗ್ಗಗಳ ಸದ್ದನ್ನು ದಾಟಬೇಕಾದ ದನಿಯಲ್ಲಿ.

ಒಮ್ಮೆ ಶ್ರಾವಣದ ಪ್ರವಚನಕ್ಕೆ ಕರೆದುಕೊಂಡು ಹೋದೆ. ಸ್ವಾಮಿಗಳು ವೈರಾಗ್ಯದ ಬಗ್ಗೆ ಹೇಳುತ್ತ ಹೇಳುತ್ತ ಪಕ್ಕಕ್ಕೆ ವಾಲಿ, ಹಾರ್ಮೋನಿಯಂ ನುಡಿಸುವವನ ಹತ್ತಿರ ಏನೋ ಅಂದರು. ಕಾಕಾ ತಟ್ಟನೆ ಎದ್ದು ನಿಂತರು.

"ಅಪ್ಪಾರಿಗೆ ಹಸಿವಾಗೇತಂತ, ಪದಾ ಲಗೂ ಮುಗಸ್ರಿ."

ಭೂಮಿ ಬಾಯಿ ಬಿಡಬಾರದೇ ಅನಿಸಿತು ನನಗೆ. ಆದರೂ ಅಂದು ಪ್ರಸಾದ ಬಿಸಿ ಇರುವಾಗಲೇ ಸಿಕ್ಕಿತು. ಶಿವ ಕೊಟ್ಟಷ್ಟನ್ನು ಎಣಿಸಿಕೊಳ್ಳಬೇಕು, ಅಲ್ಲವೇ?

ಇಂಥ ಕಾಕಾ ಇರುವ ಮನೆಗೆ ನನ್ನ ಮಗಳು ಮೂಡಲಗಿಯಿಂದ ಚೊಚ್ಚಲ ಹೆರಿಗೆಗೆ ಬಂದಳು. ಹೆಣ್ಣು ಕೂಸು, ಸುಖವಾಗಿ ಹುಟ್ಟಿತು. ಬಾಣಂತನವೆಂದರೆ ನೀರಿನ ಕೆಲಸ. ಬೆಳಿಗ್ಗೆ ಎಣ್ಣೆ ತಿಕ್ಕಿ ತಾಯಿಗೊಂದು ಹಂಡೆ ಬಿಸಿನೀರು ಎರೆಯಬೇಕು, ಆಮೇಲೆ ಕೂಸಿಗೆ. ಹದಿನೆಂಟನೆಯ ದಿನ ಅರ್ಧ ಹಂಡೆ ಎರೆದಿರಲಿಲ್ಲ, ಹೋದ ನೀರು ತಿರುಗಿ ಬಂತು. ಬೂದಿಬಣ್ಣ, ಹಿಮ್ಮಡಿ ಮುಳುಗುವಷ್ಟು. ಮಗಳು ಒದ್ದೆ ಮೈಯಲ್ಲೇ ಕಲ್ಲಿನ ಮೇಲೆ ಹತ್ತಿ ನಿಂತಳು. ನನ್ನ ಕೈಯಲ್ಲಿದ್ದ ತಂಬಿಗೆ ಜಾರಿ ತೇಲಿಹೋಯಿತು. ಸಂಡಾಸಿನ ಗುಂಡಿ ಬೇರೆ ಇತ್ತಲ್ಲ, ಅದಕ್ಕಾಗಿ ಆ ಗಳಿಗೆಯಲ್ಲೇ ಬಸವಣ್ಣನಿಗೆ ಕೈ ಮುಗಿದೆ.

ನಮ್ಮ ಬಚ್ಚಲ ನೀರೂ ಪಕ್ಕದ ಗಂಗಕ್ಕನ ಬಚ್ಚಲ ನೀರೂ ಗೋಡೆಯ ಹತ್ತಿರದ ಒಂದೇ ಚೇಂಬರಿಗೆ ಬಿದ್ದು, ಅಲ್ಲಿಂದ ಒಂದೇ ಪೈಪಿನಲ್ಲಿ ಬೀದಿ ಗಟಾರಕ್ಕೆ ಹೋಗುತ್ತವೆ. ಗಂಗಕ್ಕನ ಮನೆಯ ಪಾಯ ಎತ್ತರ. ಕಟ್ಟಿಕೊಂಡ ನೀರು ನಮ್ಮಲ್ಲಿಗೇ ಬರಬೇಕು. ಅವಳ ಮನೆಯ ಮೇಲೆ ಗೌಂಡಿಗಳು ಮಾಳಿಗೆ ಏರಿಸುತ್ತಿದ್ದರು. ಇನ್ನೇನು ಬೇಕು? ಸೀರೆ ಎತ್ತಿ ಕಟ್ಟಿಕೊಂಡು ಗೋಡೆಯ ಹತ್ತಿರ ಹೋದೆ.

"ಗಂಗಕ್ಕಾ, ನಿಮ್ಮ ಗೌಂಡಿಗೋಳು ಸಿಮೆಂಟ್ ರಾಡಿ ಹಾಕಿ ಗಟಾರ ಕಟ್ಟಸ್ಯಾರ ನೋಡ್ರಿ."

"ನಮ್ಮ ಮಂದಿ ಹಂತಾ ಕೆಲಸ ಮಾಡೂದಿಲ್ಲರಿ. ನಿಮ್ಮ ಬಾಣಂತಿ ಎಣ್ಣಿ, ಸೀಗೀಕಾಯಿ ಕಟಗೊಂಡಿರಬೇಕು."

"ಎಣ್ಣಿ ಎಲ್ಲೆರ ಕಲ್ಲಾಗತೈತೇನ್ರಿ?"

"ನಿಮ್ಮ ಮನ್ಯಾಗ ಆದ್ರೂ ಆದೀತು."

ಇಪ್ಪತ್ತೆರಡು ವರ್ಷದ ನೆರೆ ನಾಲ್ಕು ಮಾತಿಗೆ ಮುರಿಯಿತು. ಅವಳ ಹಿತ್ತಲ ಗಿಡದ ಪತ್ರಿ ಏರಿಸದೆ ನಾನು ಪೂಜೆ ಮಾಡಿದವಳೇ ಅಲ್ಲ. ಮೂರು ದಿನ ಬರೀ ವಿಭೂತಿಯಲ್ಲಿ ಮುಗಿಸಿದೆ. ಮಗಳಿಗೆ ಬಕೆಟ್ಟಿನಲ್ಲಿ ಬಟ್ಟೆ ಅದ್ದಿ ಮೈ ಒರೆಸಿದೆ.

ಇದು ಹೇಗೋ ಬೀಗಿತ್ತಿಗೆ ತಿಳಿಯಿತು. ಮೂರನೆಯ ದಿನ ಸಂಜೆ ವಿಡಿಯೋ ಕಾಲ್ ಮಾಡಿ, "ಇರ್ಲಿ ಬಿಡ್ರಿ, ಎಲ್ಲಾರ ಮನ್ಯಾಗೂ ಇದ್ದದ್ದ" ಎಂದು ನಕ್ಕರು. ನಗುತ್ತಲೇ ಮುಖ ತಿರುಗಿಸಿ ಬೀಗರಿಗೆ ಏನೋ ಅಂದರು, ನಮಗೆ ಕೇಳಿಸಲಿಲ್ಲ. ನನ್ನ ಹೆಗಲ ಮೇಲಿಂದ ಇಣುಕುತ್ತಿದ್ದ ಕಾಕಾ ಇದ್ದಾರಲ್ಲ!

"ಇವರ ಮನ್ಯಾಗ ಬಚ್ಚಲಕ್ಕೂ ಗತಿ ಇಲ್ಲ, ಶುಕ್ರವಾರ ಗಾಡಿ ತಗೊಂಡು ಹೋಗಿ ಸೊಸಿನ್ನ ಕರಕೊಂಡು ಬರೂನು, ಅನ್ನಾಕತ್ತಾಳ ನೋಡವಾ."

ಫೋನಿನಲ್ಲಿ ಬೀಗಿತ್ತಿ ಕೆಮ್ಮಿದರು. ಚೊಚ್ಚಲ ಬಾಣಂತಿಯನ್ನು ತಿಂಗಳು ತುಂಬುವ ಮೊದಲೇ ತವರಿನಿಂದ ಒಯ್ಯುವುದೇ? ಮಗಳು ಗೋಡೆಯ ಕಡೆ ಹೊರಳಿ ಮಲಗಿದಳು. ಅಂದು ಬುಧವಾರ.

ಗುರುವಾರ ಬೆಳಿಗ್ಗೆ ಕಾಕಾ ಯಾರನ್ನೂ ಕೇಳದೆ ಚೇಂಬರಿನ ಕಲ್ಲು ಸರಿಸಿದರು. ಆಗಷ್ಟೇ ಅಂಗಳದಲ್ಲಿ ಸ್ನಾನ ಮುಗಿಸಿ, ಲಿಂಗಪೂಜೆ ಮಾಡಿ, ಹಣೆ ತುಂಬ ವಿಭೂತಿ ಹಚ್ಚಿದ್ದ ಮನುಷ್ಯ! ನಾನು ಬೇಡವೆನ್ನುವಷ್ಟರಲ್ಲಿ ತೋಳು ಭುಜದವರೆಗೆ ಒಳಗೆ ಹೋಗಿತ್ತು. ಪೈಪಿನ ಬಾಯಲ್ಲಿ ಸಿಮೆಂಟು ಬಂಡೆಯಾಗಿ ಕೂತಿತ್ತು.

"ಏ ಗೌಂಡಿ, ಇಳಿಯೋ ಕೆಳಗ," ಎಂದು ಕಾಕಾ ಕೂಗಿದರು.

ಗಂಗಕ್ಕನೂ ಗೋಡೆಯಾಚೆ ಬಂದು ನಿಂತಳು. ನನಗೆ ಒಳಗೊಳಗೇ ಹಿಗ್ಗು. ಗೌಂಡಿ ಇಳಿದು ಬಂದವನು ಅವಳಿಗೆ ಬೆನ್ನು ಮಾಡಿ, ನನ್ನ ಮುಂದೆ ತಲೆ ತುರಿಸುತ್ತ ಸಣ್ಣ ದನಿಯಲ್ಲಿ ಅಂದ:

"ಅಕ್ಕಾರ, ನೀವ ಹೇಳಿದ್ರಲ್ಲರಿ. ಕೂಸಿಗೆ ಲಿಂಗಾ ಕಟ್ಟಾಕ ಅಯ್ಯನೋರು ಬರತಾರ, ಅವರ ಪಾದಾ ರಾಡಿ ಆಗಬಾರ್ದು, ಬುಟ್ಟಿ ತೊಳದ ನೀರು ಬೀದಿಗೆ ಬಿಡಬ್ಯಾಡ, ಚೇಂಬರಿಗೆ ಹಾಕು ಅಂದ್ರಿ. ಅವತ್ತಿನಿಂದ ಅಲ್ಲೇ ಹಾಕಾಕತ್ತೇವಿ."

ಹೌದು, ಅಂದಿದ್ದೆ. ಕೂಸಿಗೆ ಲಿಂಗ ಕಟ್ಟಿದ ದಿನ ಹೊಸ್ತಿಲು ಸಾರಿಸಿ ರಂಗೋಲಿ ಹಾಕಿದ್ದೆ, ಬೂದಿಬಣ್ಣದ ನೀರು ಅದರತ್ತ ಹರಿದು ಬರುತ್ತಿತ್ತು, ನಾನೇ ಗದರಿಸಿದ್ದೆ. ಮರುದಿನ ನಿಲ್ಲಿಸು ಎಂದು ಹೇಳಲು ಮರೆತೇಬಿಟ್ಟಿದ್ದೆ.

"ಏನಂತಾನ ಅಂವ?" ಗಂಗಕ್ಕ ಕೇಳಿದ್ದು ನನ್ನನ್ನಲ್ಲ. ನಮ್ಮ ಓಣಿಯಲ್ಲಿ ಯಾರ ಮಾತು ತಿಳಿಯದಿದ್ದರೂ ಎಲ್ಲರೂ ಕೇಳುವುದು ಕಾಕಾನನ್ನೇ.

ಕಾಕಾ ಗೌಂಡಿಯ ಬಾಯಿಗೆ ನೆಟ್ಟಿದ್ದ ಕಣ್ಣನ್ನು ಅವಳ ತುಟಿಯತ್ತ ಎತ್ತಿ, ಆಮೇಲೆ ನನ್ನತ್ತ ತಿರುಗಿಸಿದರು. ನಾನು ಕಣ್ಣು ಮುಚ್ಚಿದೆ. ಇನ್ನು ಇಡೀ ಓಣಿಗೆ ಕೇಳಿಸುತ್ತದೆ.

"ಏನೋ ಪಾ, ನನಗೇನ ಕಿವಿ ಕೇಳಸ್ತಾವ?" ಅಂದರು ಕಾಕಾ. "ಪೈಪ್ ಒಡದು ಹೊಸಾದು ಹಾಕಂತ ಹೇಳವಾ ಗಂಗವ್ವ. ಕೂಸು ಜಳಕಾ ಇಲ್ಲದ ಕುಂತೈತಿ."

ಗಂಗಕ್ಕ ಪೈಪು ತರಿಸಿದಳು. ಗೌಂಡಿ ಒಡೆದ, ಕೂಡಿಸಿದ. ಕಾಕಾ ಬಿಸಿಲಲ್ಲೇ ಕೂತು ಕೈಮಾಡಿ ತೋರಿಸಿದರು. ಮಧ್ಯಾಹ್ನ ಹಂಡೆ ಕಾಯಿತು, ಮಗಳಿಗೆ ಎರಡು ತಂಬಿಗೆ ಹೆಚ್ಚೇ ಎರೆದೆ. ನೀರು ಗುಳುಗುಳು ಎನ್ನುತ್ತ ಹೋಯಿತು. ಅವಳು ಹೊದ್ದು ಮಲಗಿ ಮೂಡಲಗಿಗೆ ಫೋನು ಮಾಡಿದ್ದು ಅಡಿಗೆಮನೆಗೆ ಕೇಳಿಸಿತು: "ನಾ ಬರೂದಿಲ್ಲರಿ ಅತ್ತಿ, ಇಲ್ಲೇ ಎಲ್ಲಾ ಚಲೋ ಐತಿ."

ಹೊರಗೆ ಬಂದೆ. ಕಾಕಾ ಚೇಂಬರಿನ ಪಕ್ಕ ಕೂತು, ಹೊಸ ಪೈಪಿನ ಮೇಲೆ ಅಂಗೈ ಇಟ್ಟು, ನೀರು ಹೋಗುವುದನ್ನು ಮುಟ್ಟಿ ನೋಡುತ್ತಿದ್ದರು. ಎದುರಿಗೆ ಕೂತು, ದನಿ ಇಲ್ಲದೆ ಬರೀ ತುಟಿ ಆಡಿಸಿದೆ: "ಕಾಕಾ, ನೀವು ನೋಡಿದ್ರಿ."

ಈ ಮನೆಗೆ ಬಂದು ಇಷ್ಟು ವರ್ಷವಾಯಿತು, ಅವರು ಮೆಲ್ಲಗೆ ಮಾತಾಡಿದ್ದನ್ನು ಕಂಡವಳಲ್ಲ. ಈಗ ಅವರೂ ತುಟಿ ಮಾತ್ರ ಆಡಿಸಿದರು. ನನಗೆ ಆ ವಿದ್ಯೆ ಬರುವುದಿಲ್ಲ, ಆದರೂ ತಿಳಿಯಿತು: "ನೋಡೇನಿ. ಇರ್ಲಿ ಬಿಡು."

ಹೇಗೆ ಬಿಡುವುದು? ಕಣ್ಣೊರೆಸಿಕೊಂಡು ಎದ್ದು ಗೋಡೆಯ ಹತ್ತಿರ ಹೋದೆ.

"ಗಂಗಕ್ಕಾ, ಒಂದ್ ಗಳಿಗಿ ಹೊರಗ ಬರ್ರಿ. ಒಂದ ಮಾತು ಹೇಳೂದೈತಿ."

ಅವಳು ಬಾಗಿಲು ತೆರೆಯುವ ಹೊತ್ತಿಗೆ ಕಾಕಾ ನಮ್ಮಿಬ್ಬರಿಗೂ ಬೆನ್ನು ಮಾಡಿ, ಬೀದಿಯ ಕಡೆ ತಿರುಗಿ ಕುಳಿತರು.